ಪಟ ಹೋಗುದು, ಕೈ ಬರುದು

ಮಡಿಕೇರಿಯಿಂದ ಪುತ್ತೂರಿಗೆ ಹೊರಟಿದ್ದ ಬಸ್ಸು ಘಾಟಿ ಇಳಿದು ಸಂಪಾಜೆ ಮುಟ್ಟುವಾಗ ಕತ್ತಲಾಗಿತ್ತು. ಮುಂದೆ ರಸ್ತೆಗೆ ಗುಡ್ಡ ಜರಿದಿದೆ, ಜೆಸಿಬಿ ಬಂದು ಮಣ್ಣು ತೆಗೆಯದೆ ಬಸ್ಸು ಅಲ್ಲಾಡುವ ಹಾಗಿಲ್ಲ ಎಂದು ಕಂಡಕ್ಟರ್ ಕೈಚೆಲ್ಲಿದ. ಮಳೆ ಧೋ ಎಂದು ಸುರಿಯುತ್ತಿತ್ತು. ಛತ್ರಿ ಇದ್ದವರು ಛತ್ರಿ ಬಿಚ್ಚಿ, ಇಲ್ಲದವರು ತಲೆಯ ಮೇಲೆ ಚೀಲ ಹೊತ್ತು, ರಸ್ತೆ ಬದಿಯ ಸುಲೈಮಾನನ ಹೋಟೆಲಿಗೆ ನುಗ್ಗಿದರು. ಇದ್ದ ಗೋಳಿಬಜೆ ನಿಮಿಷದಲ್ಲಿ ಖಾಲಿಯಾಗಿ, ಇನ್ನು ಚಾ ಮಾತ್ರ ಎಂದು ಸುಲೈಮಾನ್ ಸಾರಿದ.

ಮೂಲೆಯ ಬೆಂಚಿನಲ್ಲಿ ಸುಪ್ರಿತಾ ಕೂತಿದ್ದಳು. ಪುತ್ತೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಅವಳಿಗೆ ಕೆಲಸ. ಊರೂರಿನ ಅಂಗಡಿಗಳ ಕಂಪ್ಯೂಟರ್ ಹಟ ಮಾಡಿದಾಗ ಪುತ್ತೂರಿನಲ್ಲಿ ಕೂತೇ ಸರಿಮಾಡಿ ಕೊಡುವವಳು. ಇಲ್ಲಿಯೂ ಅವಳಿಗೆ ಬಿಡುವಿರಲಿಲ್ಲ. ಕಾಣಿಯೂರಿನ ಗೊಬ್ಬರದ ಅಂಗಡಿಯವರು ಫೋನ್ ಮಾಡಿ, ಬಿಲ್ಲು ಪ್ರಿಂಟ್ ಆಗುವುದೇ ಇಲ್ಲ ಮಾರಾಯ್ತಿ ಎಂದು ಗೋಳಾಡಿದ್ದರಿಂದ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ತೆರೆದು, ಮೊಬೈಲಿನ ನೆಟ್ ಕೊಟ್ಟು, ಅವರ ಕಂಪ್ಯೂಟರಿನೊಳಗೆ ಹೋಗಿ ಬಾಣದ ಗುರುತನ್ನು ಅತ್ತಿತ್ತ ಓಡಿಸುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಮುದುಕರು ಆ ಬಾಣವನ್ನೇ ನೋಡುತ್ತಿರುವುದು ಅವಳಿಗೆ ತಡವಾಗಿ ತಿಳಿಯಿತು.

"ಅದು ಎಲ್ಲಿಯ ಕಂಪ್ಯೂಟರು?" ಎಂದು ಕೇಳಿದರು ಅವರು.

"ಕಾಣಿಯೂರಿನದ್ದು ಅಜ್ಜ. ನಾನು ಇಲ್ಲಿ ಕೂತು ಅಲ್ಲಿ ಕೆಲಸ ಮಾಡುದು." ಮುದುಕರಿಗೆ ಇದನ್ನು ಹೇಗೆ ವಿವರಿಸುವುದು ಎಂದು ಅವಳು ಯೋಚಿಸುವಷ್ಟರಲ್ಲಿ ಅವರೇ ಮುಂದುವರಿಸಿದರು.

"ಅಲ್ಲಿದ್ದವರು ಒತ್ತಿದ್ರಾ? ಒಳಗೆ ಬಾ ಅಂತ?"

"ಹೌದು, ಒತ್ತದೆ ಹೋಗ್ಲಿಕ್ಕಾಗುದಿಲ್ಲ."

"ಕೆಲಸ ಆದ ಮೇಲೆ ಸರಿಯಾಗಿ ಹೊರಗೆ ಬಾ ಮಗಳೇ. ಅರ್ಧದಲ್ಲಿ ಬಿಟ್ಟು ಬರಬೇಡ."

ಸುಪ್ರಿತಾಳಿಗೆ ನಗು ಬಂತು. ಆದರೆ ಮುದುಕರ ಮುಖದಲ್ಲಿ ನಗುವಿರಲಿಲ್ಲ. ಅವಳು ಬಿಲ್ಲಿನ ಕೆಲಸ ಮುಗಿಸಿ, ಹೊರಬಂದು, ಲ್ಯಾಪ್‌ಟಾಪ್ ಮುಚ್ಚಿದಳು. ಹೆಸರು ತೀರ್ಥರಾಮ ಎಂದೂ, ಮಗಳ ಮನೆಯಿಂದ ಬರುತ್ತಿರುವುದೆಂದೂ, ಕಡಬಕ್ಕೆ ಹೋಗಬೇಕೆಂದೂ ಅವರು ಹೇಳಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಸುಲೈಮಾನ್ ಮೇಣದಬತ್ತಿ ಹಚ್ಚಿ ಗಲ್ಲಾದ ಮೇಲೆ ನಿಲ್ಲಿಸಿದ. ಒಬ್ಬೊಬ್ಬರೇ ಬೆಂಚು ಎಳೆದುಕೊಂಡು ಬೆಳಕಿನ ಹತ್ತಿರ ಬಂದರು, ಕಂಡಕ್ಟರನೂ ಬಂದು ಕೂತ. "ಎಂತ ಅಜ್ಜ, ಯಾಕೆ ಹಾಗೆ ಹೇಳಿದ್ದು?" ಎಂದು ಸುಪ್ರಿತಾ ಕೇಳಿದಳು. ಅಜ್ಜ ಚಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಂದು ಗುಟುಕು ಕುಡಿದರು.

"ಹೇಳ್ತೇನೆ. ಆದ್ರೆ ನೋಡಿ ಮಾರಾಯ್ರೆ, ನಾನು ಹೇಳುವಾಗ ಯಾರೂ ಮೊಬೈಲು ಒತ್ತಬಾರದು. ಏ ಕಂಡಕ್ಟರೇ, ನಿಮಗೇ ಹೇಳಿದ್ದು, ಕಿಸೆಯಲ್ಲಿ ಇಡಿ ಅದನ್ನು... ಹಾಂ. ನಮ್ಮ ಪ್ರೇಮಾವತಿ ಅಂತ, ನನ್ನ ತಂಗಿಯ ಮಗಳು. ಅವಳಿಗೆ ಇಬ್ಬರು ಮಕ್ಕಳು, ದೊಡ್ಡವಳು ಯಶಸ್ವಿ, ಚಿಕ್ಕವ ಕೀರ್ತನ್. ಗಂಡ ಮೊದಲೇ ತೀರಿಕೊಂಡಿದ್ದ. ಯಶಸ್ವಿ ಕಡಬದಲ್ಲಿ ಒಂದು ಕಂಪ್ಯೂಟರ್ ಅಂಗಡಿ ಇಟ್ಟಿದ್ದಾಳೆ, ಆರ್‌ಟಿಸಿ ತೆಗೆದುಕೊಡುದು, ಅರ್ಜಿ ಹಾಕುದು, ಪಟ ತೆಗೆಯುದು, ಅಂಥದ್ದೆಲ್ಲ. ಕೀರ್ತನ್ ಪುತ್ತೂರಿನಲ್ಲಿ, ಫಯಾಝ್ ಅಂತ ಒಬ್ಬನ ಜೊತೆ ಸೇರಿ ಈ ಹುಡುಗಿಯ ಹಾಗೆ ರಿಪೇರಿ ಕೆಲಸ. ಅಕ್ಕನ ಕಂಪ್ಯೂಟರಿಗೆ ಎಂತಾದ್ರೂ ಆದ್ರೆ ಅವ ಪುತ್ತೂರಿನಿಂದಲೇ ಒಳಗೆ ಬಂದು ಸರಿಮಾಡುದು. ನನಗೆ ಅದು ತಲೆಗೆ ಹೋಗಲೇ ಇಲ್ಲ, ಒಂದು ದಿನ ಅವನನ್ನೇ ಹಿಡಿದು ಕೇಳಿದೆ, ಅಲ್ಲ ಮಾರಾಯ, ನೀನು ಅಲ್ಲಿ, ಕಂಪ್ಯೂಟರು ಇಲ್ಲಿ, ಎಂತ ಮಾಟವಾ ಅಂತ. ಅವ ಹೇಳಿದ, ಅಜ್ಜ, ಈಗ ನೀವು ನೆಲದಲ್ಲಿ ನಿಂತು ದೋಟಿಯಲ್ಲಿ ಅಡಿಕೆಗೊನೆ ತೆಗೀತೀರಲ್ಲ, ಹಾಗೆ. ಕಂಪ್ಯೂಟರು ಇದ್ದಲ್ಲೇ ಇರ್ತದೆ. ಅದರ ಪರದೆಯಲ್ಲಿ ಕಾಣುವುದರ ಪಟ ನನಗೆ ಬರ್ತದೆ, ನಾನು ಒತ್ತಿದ್ದು ಅಲ್ಲಿಗೆ ಹೋಗ್ತದೆ. ಇಷ್ಟೇ. ಪಟ ಹೋಗುದು, ಕೈ ಬರುದು... ಅಂದ. ಸರಿಯಾ ಮಗಳೇ ಅವ ಹೇಳಿದ್ದು?"

"ಸರಿ ಅಜ್ಜ," ಎಂದಳು ಸುಪ್ರಿತಾ. ಇಷ್ಟು ಸುಲಭದಲ್ಲಿ ತಾನು ಯಾರಿಗೂ ಹೇಳಿಕೊಟ್ಟದ್ದಿಲ್ಲ ಎಂದು ಅವಳಿಗೆ ಅನ್ನಿಸಿತು.

"ಕಳೆದ ವರ್ಷ ಮಳೆಗಾಲ. ಕಡಬದಲ್ಲಿ ನೆಟ್ಟೇ ಇಲ್ಲ, ಎಲ್ಲಿಯೋ ಮರ ಬಿದ್ದು ತಂತಿ ಹೋಗಿದೆ. ಯಶಸ್ವಿಯ ಕಂಪ್ಯೂಟರಿನ ಪ್ರಿಂಟರು ಕೆಟ್ಟು ಕೂತಿದೆ, ಬೆಳೆ ವಿಮೆಯ ಅರ್ಜಿ ಪ್ರಿಂಟು ತೆಗೆದು ಕೊಡ್ಲಿಕ್ಕೆ ಅದೇ ಕೊನೆಯ ದಿನ, ಅಂಗಡಿ ತುಂಬ ಜನ. ನೆಟ್ ಇಲ್ಲದೆ ಕೀರ್ತನ್ ಒಳಗೆ ಬರುದು ಹೇಗೆ? ಇವಳು ಫೋನ್ ಮಾಡಿ ಹೇಳಿದ್ಳು, ಎಂತಾದ್ರೂ ಆಗ್ಲಿ, ನೀನೇ ಬಾ, ಇವತ್ತೇ ಬಾ. ಅವ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಹಾಕಿ, ಬೆನ್ನಿಗೆ ಏರಿಸಿ ಬೈಕಿನಲ್ಲಿ ಹೊರಟ. ಹತ್ತಿರ ಆಗ್ತದೆ ಅಂತ ಒಳದಾರಿ ಹಿಡಿದಿದ್ದಾನೆ, ಅಲ್ಲಿ ಒಂದು ಹಳೆಯ ಮುಳುಗು ಸೇತುವೆ, ನೀರು ಮೇಲೆ ಬಂದಾಗಿತ್ತು. ದಡದಲ್ಲಿದ್ದವರು ಬೊಬ್ಬೆ ಹಾಕಿದ್ರಂತೆ, ಹೋಗಬೇಡ ಮಾರಾಯ ಅಂತ... ಅಕ್ಕ ಕಾಯ್ತಾ ಇದ್ದಾಳೆ ಅಂದನಂತೆ. ಬೈಕು ಸಿಕ್ಕಿತು. ಅವ ಸಿಗಲಿಲ್ಲ. ಬ್ಯಾಗೂ ಸಿಗಲಿಲ್ಲ. ಕುಮಾರಧಾರೆಯ ಉದ್ದಕ್ಕೂ ದೋಣಿ ಹಾಕಿ ಹುಡುಕಿದ್ರು, ಎಂತ ಪ್ರಯೋಜನ?"

ಯಾರೋ ಹಿಂದಿನಿಂದ ಛೇ ಛೇ ಎಂದರು. ಅಜ್ಜ ಗ್ಲಾಸನ್ನು ಬೆಂಚಿನ ಮೇಲಿಟ್ಟರು.

"ಈಗ ಒಂದು ಕ್ರಮ ಹೇಳಬೇಕು, ಗೊತ್ತಿಲ್ಲದವರಿಗೆ. ನಮ್ಮಲ್ಲಿ ಸತ್ತವರನ್ನು ಹಾಗೇ ಬಿಡ್ಲಿಕ್ಕಿಲ್ಲ. ಬೊಜ್ಜ, ಅಂದ್ರೆ ಉತ್ತರಕ್ರಿಯೆ, ಆದ ಮೇಲೆ ಒಳಗೆ ಕರೆಯುದು ಅಂತ ಉಂಟು. ಮನೆಯೊಳಗೆ ಎಲೆ ಹಾಕಿ, ಸತ್ತವರಿಗೆ ಇಷ್ಟದ್ದೆಲ್ಲ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುದು. ಹಿರಿಯನಾದವ ಹೆಸರು ಹಿಡಿದು ಕರೀಬೇಕು, ಹೊರಗೆ ನಿಲ್ಲಬೇಡ, ಒಳಗೆ ಬಾ, ಹಿರಿಯರ ಜೊತೆ ಸೇರು ಅಂತ. ಆಮೇಲೆ ಬಾಗಿಲು ತೆಗೆದು ನೋಡಿದ್ರೆ ಎಲೆಯಲ್ಲಿ ಮುಟ್ಟಿದ ಗುರುತು ಕಾಣ್ತದೆ. ಅಲ್ಲಿವರೆಗೆ ಆ ಜೀವ ಜಗಲಿಯಿಂದ ಆಚೆ, ಮಳೆಯಾ ಬಿಸಿಲಾ, ಹೊರಗೇ. ನಮ್ಮ ಕುಟುಂಬದಲ್ಲಿ ಕರೆಯುವವ ನಾನು. ಹೆಣ ಸಿಗದಿದ್ರೆ ಹುಲ್ಲಿನ ಗೊಂಬೆ ಮಾಡಿ ಸುಟ್ಟು ಬೊಜ್ಜ ಮಾಡ್ಲಿಕ್ಕುಂಟು. ನಾನು ಪ್ರೇಮಾವತಿಯ ಹತ್ತಿರ ಅದನ್ನೇ ಹೇಳಿದೆ. ಅವಳು ನನ್ನ ಮೇಲೆಯೇ ಎಗರಿದ್ಳು. ಹೆಣ ನೋಡದೆ ನನ್ನ ಮಗನನ್ನು ಸಾಯಿಸ್ತೀರಾ ಮಾವ, ಅವ ಬರ್ತಾನೆ... ಅಂತ. ತಾಯಿ ಅಲ್ವಾ? ಬೊಜ್ಜದ ಮಾತು ಅಲ್ಲಿಗೇ ನಿಂತಿತು.

"ಮಳೆಗಾಲ ಮುಗಿದು, ನವರಾತ್ರಿಯೂ ಕಳೆದು, ಒಂದು ಮಧ್ಯಾಹ್ನ. ಬಿಸಿಲು ಸುಡ್ತಾ ಉಂಟು, ಅಂಗಡಿಯಲ್ಲಿ ಯಶಸ್ವಿ ಊಟದ ಬುತ್ತಿ ಬಿಚ್ಚಿದ್ದಾಳೆ ಅಷ್ಟೇ, ಪರದೆಯಲ್ಲಿ ಒಪ್ಪಿಗೆ ಕೇಳುವ ಪೆಟ್ಟಿಗೆ ಬಂತು... ಕೀರ್ತನ್ ಒಳಗೆ ಬರಲು ಕೇಳುತ್ತಿದ್ದಾನೆ, ಬಿಡುವುದೇ, ಬೇಡವೇ. ಫಯಾಝ್ ಅವನ ಹೆಸರಿನಲ್ಲೇ ಎಂತದೋ ಮಾಡ್ತಾ ಇರ್ಬೇಕು ಅಂತ ಇವಳು ಬಿಡುವುದು ಅಂತ ಒತ್ತಿದ್ಳು. ಬಾಣ ಅಲ್ಲಾಡಿತು. ಪರದೆಯ ಮಧ್ಯಕ್ಕೆ ಬಂದು ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು, ನಾಯಿ ಮಲಗುವ ಮೊದಲು ಸುತ್ತುತ್ತದಲ್ಲ, ಹಾಗೆ. ಅದು ಕೀರ್ತನ್‌ನ ಅಭ್ಯಾಸ! ಕೆಲಸಕ್ಕೆ ಕೈ ಹಾಕುವ ಮೊದಲು ಅವ ಹಾಗೇ ಮಾಡುದು. ಆಮೇಲೆ ಅದೇ ಪ್ರಿಂಟರಿನ ಕಡೆಗೆ ಹೋಗಿ, ಎಂತೆಂತದೋ ತೆರೆದು ಮುಚ್ಚಿ, ಅವತ್ತಿನಿಂದ ಕೆಟ್ಟೇ ಇದ್ದದ್ದನ್ನು ಇವತ್ತು ಸರಿಮಾಡಿತು. ಯಶಸ್ವಿ ಬುತ್ತಿ ಅಲ್ಲೇ ಬಿಟ್ಟು ಫಯಾಝ್‌ಗೆ ಫೋನ್ ಮಾಡಿದ್ರೆ ಅವ ಎಂತ ಹೇಳಿದ ಗೊತ್ತುಂಟಾ? ನಾನು ಮದುವೆ ಮನೆಯಲ್ಲಿದ್ದೇನೆ ಅಕ್ಕ, ಕಂಪ್ಯೂಟರೇ ಮುಟ್ಟಲಿಲ್ಲ. ಆ ಪೆಟ್ಟಿಗೆಯಲ್ಲಿ ಒಂದು ನಂಬ್ರ ಕಾಣ್ತದಲ್ಲ, ಅದು ಓದಿ ಅಂದ. ಇವಳು ಓದಿದ್ಳು. ಅವ ಇನ್ನೊಮ್ಮೆ ಓದಿಸಿ ಹೇಳಿದ, ಅಕ್ಕ, ಒಂದೊಂದು ಕಂಪ್ಯೂಟರಿಗೆ ಒಂದೊಂದೇ ನಂಬ್ರ. ಇದು ಅವ ಅವತ್ತು ಬೆನ್ನಿಗೆ ಹಾಕಿಕೊಂಡು ಹೋದದ್ದರ ನಂಬ್ರ."

ಸುಪ್ರಿತಾ ಮೈಮೇಲಿನ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು. ಯಾರಾದರೂ ಆ ನಂಬ್ರವನ್ನು ಬೇರೆ ಕಂಪ್ಯೂಟರಿಗೆ ಹಾಕಿರಬಹುದು ಎಂದು ಹೇಳಬೇಕೆಂದುಕೊಂಡಳು. ಆದರೆ ಆ ಎರಡು ಸುತ್ತು? ಅದನ್ನು ಯಾರು ಹಾಕುತ್ತಾರೆ?

"ನಾನಾದ್ರೆ ಅವತ್ತೇ ವಯರು ಎಳೆದು ಬಿಸಾಡ್ತಿದ್ದೆ. ಆದ್ರೆ ಹೆತ್ತವಳು ಹಾಗೆ ಮಾಡ್ತಾಳಾ? ಪ್ರೇಮಾವತಿ ಎದ್ದುಬಿದ್ದು ಬಂದ್ಳು. ನೋಡು, ನಾನು ಹೇಳಿರ್ಲಿಲ್ವಾ ಅಂತ ನಗುದು, ಅಳುದು. ಆ ಪೆಟ್ಟಿಗೆ ದಿನಾ ಬರುದು, ಬಿಡುವುದೇ ಅಂತ ದಿನಾ ಕೇಳುದು. ಅವಳಿಗೆ ಅದು ತಡೀಲಿಕ್ಕೆ ಆಗ್ಲಿಲ್ಲ. ಸ್ವಂತ ಅಕ್ಕನ ಅಂಗಡಿ, ಅವ ನೆಂಟರ ಹಾಗೆ ಬಾಗಿಲಲ್ಲಿ ನಿಂತು ಕೇಳಬೇಕಾ, ಕೇಳದೆ ಬರುವ ಹಾಗೆ ಮಾಡಿಕೊಡು ಅಂತ ಮಗಳಿಗೆ ಗಂಟುಬಿದ್ಳು. ಹಾಗೆ ಮಾಡ್ಲಿಕ್ಕೆ ಉಂಟಂತೆ, ಅಲ್ವಾ ಮಗಳೇ? ಒಂದು ಪಾಸ್‌ವರ್ಡ್ ಇಟ್ಟು ಬಿಟ್ರೆ ಆಮೇಲೆ ಈ ಕಡೆಯಿಂದ ಯಾರೂ ಒತ್ತಬೇಕು ಅಂತಿಲ್ಲ, ಯಾವಾಗ ಬೇಕಾದ್ರೂ ಒಳಗೆ. ಯಶಸ್ವಿ ಇಟ್ಟು ಕೊಟ್ಳು. ಅಷ್ಟು ಸಾಲದು ಅಂತ ಪ್ರೇಮಾವತಿ ಒಂದು ಸಂಜೆ ಅಂಗಡಿಯ ಶಟರ್ ಎಳೆದು, ಕಂಪ್ಯೂಟರಿನ ಮುಂದೆ ಎಲೆ ಹಾಕಿ, ಕೋಳಿ ಸಾರು, ಕಡುಬು ಬಡಿಸಿ, ತಾನೇ ಹೊರಗೆ ನಿಂತು ಕರೆದಿದ್ದಾಳೆ... ಒಳಗೆ ಬಾ ಮಗ, ಹೊರಗೆ ನಿಲ್ಲಬೇಡ, ಅಂತ!

"ನನಗೆ ಗೊತ್ತಾಗುವಾಗ ಎಲ್ಲ ಮುಗಿದಿತ್ತು. ನಾನು ತಲೆ ತಲೆ ಚಚ್ಚಿಕೊಂಡೆ. ಕರೆದದ್ದು ಎಲ್ಲಿಗೆ ಮಾರಾಯ್ತಿ? ಮನೆಗಾ? ಹಿರಿಯರ ಹತ್ತಿರಕ್ಕಾ? ಒಂದು ಪೆಟ್ಟಿಗೆಗೆ ಕರೆದೆಯಲ್ಲ! ಒಮ್ಮೆ ಒಂದು ಕಡೆಗೆ ಕರೆದ ಜೀವ ಇನ್ನೊಂದು ಕಡೆಗೆ ಬರುದಿಲ್ಲ. ಈಗಲಾದ್ರೂ ಬೊಜ್ಜ ಮಾಡುವ, ನಾನು ಸರಿಯಾಗಿ ಕರೆದು ನೋಡ್ತೇನೆ ಅಂದೆ. ದಿನಾ ಬರುವವನಿಗೆ ಬೊಜ್ಜ ಮಾಡುದಾ ಅಂತ ಕೇಳಿದ್ಳು.

"ಅವಳು ಬುತ್ತಿ ಕಟ್ಟಿಕೊಂಡು ದಿನಾ ಅಂಗಡಿಗೆ ಹೋಗಿ ಅದರ ಮುಂದೆ ಕೂರುದು, ಮಾತಾಡುದು. ದನ ಕರು ಹಾಕಿತು ಮಗ, ಅಡಿಕೆಗೆ ರೇಟು ಬಂತು ಮಗ... ಬಾಣ ಅದರ ಪಾಡಿಗೆ ತಿರುಗುದು. ಒಂದು ದಿನ ಯಶಸ್ವಿ ಬರೆಯುವ ಹಾಳೆ ತೆರೆದು, ಅಮ್ಮ ಇಲ್ಲೇ ಕೂತಿದ್ದಾಳೆ ಅಂತ ಟೈಪು ಮಾಡಿದ್ಳು. ಆಮೇಲೆ ಅಕ್ಷರ ಒಂದೊಂದೇ ಮೂಡಿತು. ಎಲ್ಲಿ ಅಕ್ಕ? ನನಗೆ ಕಾಣುದಿಲ್ಲ. ನಿನ್ನ ಕಂಪ್ಯೂಟರಿನ ಪರದೆ ಮಾತ್ರ ಕಾಣುದು. ಬೇರೆ ಎಲ್ಲ ಕಪ್ಪು.

"ತಿಳಿಯಿತಾ ನಿಮಗೆ? ಆ ತಾಯಿ ಅಷ್ಟು ದಿನ ಮುಂದೆ ಕೂತು ಮಾತಾಡಿದ್ದು ಒಂದೂ ಅವನಿಗೆ ಕೇಳ್ಲಿಲ್ಲ. ಅವಳ ಮುಖ ಕಾಣ್ಲಿಲ್ಲ. ಬಡಿಸಿದ್ದು ಕಾಣ್ಲಿಲ್ಲ. ಅವನಿಗೆ ಕಂಡದ್ದೆಲ್ಲ ಯಾರದ್ದೋ ಆರ್‌ಟಿಸಿ, ಯಾರದ್ದೋ ಜಾತಿ ಸರ್ಟಿಫಿಕೇಟು... ಪ್ರೇಮಾವತಿ ಆವಾಗ ಎದೆ ಬಡ್ಕೊಂಡು ಅತ್ತದ್ದು ನೋಡ್ಲಿಕ್ಕೆ ಆಗ್ತಿರ್ಲಿಲ್ಲ. ಹಾಗಾದ್ರೆ ನನ್ನ ಪಟ ತೆಗೆದು ಅದರಲ್ಲಿ ಇಡು ಅಂದ್ಳು. ಯಶಸ್ವಿ ಪಟ ತೆಗೆದು ಪರದೆ ತುಂಬ ಇಟ್ಳು. ಬಾಣ ಓಡಿ ಬಂತು. ಹಣೆಯ ಹತ್ತಿರ ಬಂದು ನಿಂತಿತು, ಕೂದಲಿನ ಮೇಲೆ ಮೆಲ್ಲ ಮೆಲ್ಲ ಹೋಯಿತು, ಕೆನ್ನೆಗೆ ಬಂತು. ಕುರ್ಚಿಯಲ್ಲಿ ಕೂತಿದ್ದ ಪ್ರೇಮಾವತಿ ತಟ್ಟನೆ ಕೆನ್ನೆಗೆ ಕೈ ಇಟ್ಳು. ತಣ್ಣಗೆ ಉಂಟು ಕೈ, ಒದ್ದೆ ಉಂಟು ಪಾಪ... ಅಂದ್ಳು."

ಕಂಡಕ್ಟರ್ ಅಯ್ಯೋ ದೇವರೇ ಎಂದ. ಸುಲೈಮಾನ್ ಚಾದ ಪಾತ್ರೆಯನ್ನು ಒಲೆಯ ಮೇಲೆಯೇ ಬಿಟ್ಟು ಬಂದು ನಿಂತಿದ್ದ. ಮಳೆಯ ಸದ್ದಿನಲ್ಲಿ ಅಜ್ಜನ ದನಿ ಸಣ್ಣದಾಗುತ್ತಿತ್ತು, ಎಲ್ಲರೂ ಇನ್ನಷ್ಟು ಹತ್ತಿರ ಸರಿದರು.

"ಆಮೇಲೆ ಅವಳಿಗೆ ಮನೆ ಬೇಡ, ಊಟ ಬೇಡ. ಕೊನೆಗೆ ಒಂದು ದಿನ ಮಗಳ ಹತ್ತಿರ, ಈ ಪಟ ಅವನ ಹತ್ತಿರವೇ ಇರ್ಲಿ, ಕೊಟ್ಟು ಬಿಡು, ಒಬ್ಬನೇ ಇದ್ದಾನೆ ಅಂದ್ಳು. ಇವಳು ಹಾಳೆಯಲ್ಲಿ ಬರೆದ್ಳು, ಅಮ್ಮನನ್ನು ತೆಗೆದುಕೋ ಅಂತ. ನಕಲು ಮಾಡಿಕೊಂಡ್ರೆ ಇಲ್ಲಿ ಒಂದು, ಅಲ್ಲಿ ಒಂದು ಇರ್ತಿತ್ತು. ಬಾಣ ಬಂದದ್ದು, ಪಟವನ್ನು ಹಿಡಿದದ್ದು, ಎಳೆದುಕೊಂಡೇ ಹೋದದ್ದು. ಇಲ್ಲಿ ಉಳೀಲಿಲ್ಲ. ಯಶಸ್ವಿ ತಿರುಗಿ ನೋಡ್ತಾಳೆ, ಅಮ್ಮ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದಾಳೆ. ಸ್ವಲ್ಪ ತೂಕಡಿಸ್ಲಿ ಅಂತ ಇವಳು ಇಬ್ಬರು ಗಿರಾಕಿಗಳ ಕೆಲಸ ಮಾಡಿಕೊಟ್ಟು, ಚಾ ತರಿಸಿ ಎಬ್ಬಿಸ್ಲಿಕ್ಕೆ ಹೋಗ್ತಾಳೆ... ಎಲ್ಲಿ ಏಳುದು?

"ಪ್ರೇಮಾವತಿಗೆ ಎಲ್ಲ ಕ್ರಮದಲ್ಲಿ ಮಾಡಿದೆವು. ಒಳಗೆ ಕರೆದವ ನಾನೇ. ಮೊದಲನೆಯ ಕರೆಗೇ ಬಂದ್ಳು ಮಾರಾಯ್ರೆ! ಬಾಗಿಲು ತೆಗೆದ್ರೆ ಅನ್ನದಲ್ಲಿ ಬೆರಳು ಊರಿದ ಗುರುತು ಸ್ಪಷ್ಟ. ಹಿರಿಯರ ಜೊತೆ ಸೇರಿದ್ಳು, ಒಳ್ಳೆದಾಯ್ತು ಅಂತ ನಾನು ನಿಟ್ಟುಸಿರು ಬಿಟ್ಟೆ. ಮಾರನೆ ದಿನ ಯಶಸ್ವಿ ಅಂಗಡಿ ತೆಗೀತಾಳೆ, ಹಾಳೆಯಲ್ಲಿ ಬರೆದುಂಟು. ಅಕ್ಕ, ಅಮ್ಮ ಎಲ್ಲಿ? ಪಟ ಮಾತ್ರ ಬಂತು."

ಪಟ ಮಾತ್ರ ಹೋಗುವುದು ಎಂದು ಆ ಹುಡುಗ ತಾನೇ ಅಜ್ಜನಿಗೆ ಹೇಳಿಕೊಟ್ಟಿದ್ದನಲ್ಲ ಎಂದು ನೆನೆದು ಸುಪ್ರಿತಾಳಿಗೆ ಕೆಡುಕೆನಿಸಿತು.

"ತಾಯಿ ಒಳಗೆ, ಮಗ ಹೊರಗೆ. ಇನ್ನು ಅವರಿಬ್ಬರು ಸೇರ್ಲಿಕ್ಕುಂಟಾ? ಇಲ್ಲ. ನಾನು ಹುಲ್ಲಿನ ಗೊಂಬೆ ಸುಟ್ಟು ಅವನ ಬೊಜ್ಜವನ್ನೂ ಮಾಡಿ ಮನೆಯಲ್ಲಿ ಕರೆದೆ, ಗಂಟಲು ಹರಿಯುವ ಹಾಗೆ ಕರೆದೆ. ಎಲೆ ಹಾಕಿದ್ದು ಹಾಗೇ ಇತ್ತು. ಆಮೇಲೆ ಯಶಸ್ವಿಗೆ ಹೇಳಿದೆ, ಕಂಪ್ಯೂಟರಿನಲ್ಲಿ ಇರುವ ಮನೆಯವರ ಪಟ ಒಂದೂ ಬಿಡದೆ ಅಳಿಸು. ಅಳಿಸಿದ್ಳು. ಅಳಿಸಿದ್ರೆ ಆಯ್ತಾ? ಆ ಹುಡುಗ ಒಳಗೆ ಬಂದ್ರೆ ಅದರಲ್ಲಿದ್ದ ಎಲ್ಲವೂ ಅವನ ಕೈಗೆ ಸಿಗ್ತದೆ, ಅಲ್ವಾ ಮಗಳೇ? ಎಲ್ಲವೂ ಅಂದ್ರೆ ಎಲ್ಲವೂ. ಪರದೆಯ ತಲೆಯಲ್ಲಿ ಒಂದು ಕ್ಯಾಮರಾ ಉಂಟು, ಪಟ ತೆಗೀಲಿಕ್ಕೆ ಇಟ್ಟದ್ದು. ಬಾಣ ಹೋಗಿ ಅದನ್ನು ತೆರೆಯಿತು. ಹಸಿರು ದೀಪ ಹೊತ್ತಿತು. ಪರದೆಯಲ್ಲಿ ಯಶಸ್ವಿಯ ಮುಖ... ಅಲ್ಲಾಡುವ ಮುಖ. ಕೆಳಗೆ ಬರೆದ, ಅಕ್ಕ, ಕಂಡಿತು.

"ನಾನು ಹೋಗಿ ಸ್ವಿಚ್ಚಿಗೆ ಕೈ ಹಾಕಿದೆ. ಅವಳು ನನ್ನ ಕೈ ಹಿಡಿದ್ಳು, ಎಂತ ಬಲ ಮಾರಾಯ್ರೆ ಆ ಸಣ್ಣ ಹುಡುಗಿಗೆ! ಅಜ್ಜ, ಬಾ ಅಂತ ಹೇಳಿದವಳು ನಾನು, ಹೋಗು ಅಂತ ನಾನು ಹೇಗೆ ಹೇಳುದು ಅಂತ ಕೇಳಿದ್ಳು. ಹಾಗಾದ್ರೆ ಕ್ಯಾಮರಾಕ್ಕಾದ್ರೂ ಒಂದು ಬಟ್ಟೆ ಮುಚ್ಚು ಅಂದೆ. ನನ್ನ ಎದುರೇ ಮುಚ್ಚಿದ್ಳು. ಹಾಳೆಯಲ್ಲಿ ಅಕ್ಷರ ಬಿತ್ತು, ಅಕ್ಕ ಕತ್ತಲೆ. ಇನ್ನೊಮ್ಮೆ ಬಿತ್ತು, ಅಕ್ಕ ಕತ್ತಲೆ. ಅಕ್ಕ ಕತ್ತಲೆ, ಅಕ್ಕ ಕತ್ತಲೆ ಅಂತ ಹಾಳೆ ತುಂಬ್ತಾ ಹೋಯಿತು... ಅವಳು ಬಟ್ಟೆ ತೆಗೆದ್ಳು. ನನ್ನ ಕೈಯಲ್ಲಾದ್ರೂ ಆಗ್ತಿತ್ತಾ? ನೀವು ಹೇಳಿ, ನಿಮ್ಮ ಕೈಯಲ್ಲಿ ಆಗ್ತಿತ್ತಾ?"

"ಈಗ... ಈಗ ಅವರು ಹೇಗಿದ್ದಾರೆ?" ಸುಪ್ರಿತಾ ಕೇಳಿದಳು. ಇದು ಮುಗಿದ ಕತೆಯಾಗಿರಲಿ ಎಂದು ಅವಳು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು.

"ಅಂಗಡಿ ಉಂಟು. ನಾಳೆ ಕಡಬಕ್ಕೆ ಹೋದ್ರೆ ನೀವೂ ನೋಡಬಹುದು. ಅವಳು ಹಗಲೆಲ್ಲ ಅದರ ಎದುರೇ. ಗಿರಾಕಿ ಬಂದು ಕ್ಯಾಮರಾಕ್ಕೆ ಅಡ್ಡ ಕೂತ್ರೆ, ಸ್ವಲ್ಪ ಈಚೆ ಕೂತ್ಕೊಳ್ಳಿ, ಸ್ವಲ್ಪ ಈಚೆ ಅಂತ ಹೇಳ್ತಾಳೆ. ಯಾಕೆ ಅಂತ ಕೇಳಬೇಡಿ, ಸುಮ್ಮನೆ ಸರಿದು ಕೂತುಬಿಡಿ. ಅವಳ ಒಂದು ಬದಿಯ ಕೆನ್ನೆ ನೋಡಿ, ನೀರಿನಲ್ಲಿ ತುಂಬ ಹೊತ್ತು ಇಟ್ಟ ಬೆರಳಿನ ಹಾಗೆ ಬಿಳುಚಿ ಸುಕ್ಕಾಗಿದೆ. ಡಾಕ್ಟರು ಮುಲಾಮು ಕೊಟ್ಟಿದ್ದಾರೆ. ಮುಲಾಮಿಗೆ ಹೋಗುವ ಜಾತಿಯದ್ದಾ ಅದು?

"ಇವತ್ತು ಬೆಳಿಗ್ಗೆ ನನಗೆ ಫೋನ್ ಮಾಡಿದ್ಳು. ನಾನು ಈ ಮಳೆಯಲ್ಲಿ ಸುಮ್ಮನೆ ಹೊರಟದ್ದಲ್ಲ. ಅಜ್ಜ, ನನ್ನ ಬೊಜ್ಜ ಬೇಕಾದ್ರೆ ಮಾಡಿ, ಒಳಗೆ ಮಾತ್ರ ಕರೀಬೇಡಿ, ಅಮ್ಮನಿಗೆ ಹಿರಿಯರೆಲ್ಲ ಇದ್ದಾರೆ, ಅವನಿಗೆ ಹೊರಗೆ ಯಾರೂ ಇಲ್ಲ ಅಂದ್ಳು. ಮೂವತ್ತು ತುಂಬದ ಹುಡುಗಿ ಹೇಳುವ ಮಾತಾ ಮಾರಾಯ್ರೆ ಅದು? ನನಗೆ ಪಿತ್ತ ನೆತ್ತಿಗೇರಿತು, ಬಾಯಿಗೆ ಬಂದ ಹಾಗೆ ಬೈದೆ. ಅವಳು ಮೆಲ್ಲ ಹೇಳಿದ್ಳು... ಬೈಬೇಡಿ ಅಜ್ಜ, ನನಗೆ ಅಳು ಬಂದ್ರೆ ಅವನಿಗೆ ಕಾಣ್ತದೆ."